ಖಾಲಿ ಜಾಗದ ವಿವರಣೆ

ನಮ್ಮೂರಿನಲ್ಲಿ ಸತ್ತವರು ಕೂಡಲೇ ಹೋಗುವುದಿಲ್ಲ. ಗುರುವಾರದ ಪತ್ರಿಕೆಯಲ್ಲಿ ಅವರ ನಿಧನದ ಪ್ರಕಟಣೆ ಅಚ್ಚಾಗುವ ತನಕ ಮನೆಯಲ್ಲೇ ಕೂತಿರುತ್ತಾರೆ. ಊಟ ಬೇಡ, ನಿದ್ದೆ ಬೇಡ. ಗಾಳಿ ಬರುವ ಕಡೆ ಒಂದು ಕುರ್ಚಿ ಹಾಕಿಕೊಟ್ಟರೆ ಸಾಕು. ಪ್ರಕಟಣೆ ಎಂದರೆ ಮೂರೇ ಸಾಲು. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಯಾವ ಮನೆಯವರು ಎಂಬುದು, ಮೂರನೆಯದರಲ್ಲಿ ಅವರು ಎಂಥವರಾಗಿದ್ದರು ಎಂಬುದು. ಗುರುವಾರ ಬೆಳಕು ಹರಿಯುವಾಗ ಮೊದಲ ಪ್ರತಿ ಮುದ್ರಣಾಲಯದ ಬಾಗಿಲು ದಾಟುತ್ತದೆ. ಆಗ ಅವರು ಎದ್ದು, ಚಪ್ಪಲಿಯನ್ನು ಹೊಸಿಲ ಬಳಿಯೇ ಬಿಟ್ಟು, ಬೀದಿಯ ಕೊನೆಯ ತಿರುವಿನ ಕಡೆಗೆ ನಡೆಯುತ್ತಾರೆ. ತಿರುವಿನ ಆಚೆಗೆ ಯಾರೂ ಹಿಂಬಾಲಿಸುವುದಿಲ್ಲ.

ಮೊದಲ ಗುರುವಾರವನ್ನು ಬಿಟ್ಟು ಎರಡನೆಯದಕ್ಕೆ ಪ್ರಕಟಣೆ ಕೊಡುವುದು ಊರಿನ ಪದ್ಧತಿ. ಕೇಳುವುದನ್ನು ಕೇಳಿಕೊಳ್ಳಲು ಅಷ್ಟು ದಿನ ಸಾಕು. ಬೀರುವಿನ ಕೀಲಿ ಎಲ್ಲಿದೆ, ಹುಳಿಪುಡಿಗೆ ಕೊತ್ತಂಬರಿ ಎಷ್ಟು ಹಿಡಿ, ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದು ಯಾಕೆ. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟರು ತೀರಿಕೊಂಡ ಮೇಲೆ ಒಂಬತ್ತು ದಿನ ಕೂತು, ಉಳಿದಿದ್ದ ಉತ್ತರಪತ್ರಿಕೆಗಳನ್ನೆಲ್ಲ ತಿದ್ದಿ ಕೊಟ್ಟೇ ಹೋದರು. ಬದುಕಿದ್ದಾಗ ಹಾಕುತ್ತಿದ್ದುದಕ್ಕಿಂತ ಧಾರಾಳವಾಗಿ ಅಂಕ ಹಾಕಿದ್ದರು ಎಂದು ಮಕ್ಕಳು ಹೇಳುತ್ತಿದ್ದವು. ಎರಡು ಗುರುವಾರ ದಾಟಿಸಿದವರನ್ನು ಕುರಿತು ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಇನ್ನೂ ಕೂರಿಸಿಕೊಂಡಿದ್ದಾರಂತೆ ಎನ್ನುತ್ತಾರೆ. ಹಾಗೆ ಕೂತಿರುವ ಸತ್ತವರು ವಾರ ವಾರ ಸವೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ.

ನಾನು ಆ ಪತ್ರಿಕೆಯ ಕಚೇರಿಯಲ್ಲಿ ಕೆಲಸಕ್ಕಿದ್ದೇನೆ. ಸುದ್ದಿ ಬರೆಯುವುದಿಲ್ಲ, ಪುಟವನ್ನೂ ಕಟ್ಟುವುದಿಲ್ಲ. ಮೊದಲು ಪುಟ ಕಟ್ಟುತ್ತಿದ್ದವರು ಶಿವನಂಜಪ್ಪನವರು. ಮೂವತ್ತು ವರ್ಷ ಕತ್ತರಿ, ಅಂಟು, ಅಡಿಪಟ್ಟಿ ಹಿಡಿದು ಕಟ್ಟಿದವರು ಈಗ ಸಂಪಾದಕರು. ಪುಟವಿನ್ಯಾಸಕ್ಕೆ ಕಂಪ್ಯೂಟರಿನ ತಂತ್ರಾಂಶ ಬಂತು, ಆಮೇಲೆ ಆ ತಂತ್ರಾಂಶವನ್ನು ತಾನೇ ನಡೆಸುವ ಏಜೆಂಟು ಬಂತು. ಊರಿನವರಿಗೆ ಏಜೆಂಟ್ ಎಂದರೆ ವಿಮೆಯವನು. ಶಿವನಂಜಪ್ಪನವರು ಮಾತ್ರ, "ಈ ಏಜೆಂಟು ಮನೇಗ್ ಬಂದು ಕಾಫಿ ಕುಡಿಯಲ್ಲ, ಅದೊಂದೇ ಉಪಕಾರ" ಎಂದು ನಗುತ್ತಿದ್ದರು.

ಏಜೆಂಟಿಗೆ ನಮ್ಮ ಹಾಗೆ ಪುಟ ಕಾಣುವುದಿಲ್ಲ. ಅದರ ಮುಂದೆ ಇರುವುದು ಒಂದು ಪಟ್ಟಿ. ಪಟ್ಟಿಯಲ್ಲಿ ಮೂವತ್ತೊಂದು ಉಪಕರಣಗಳ ಹೆಸರು. ಪ್ರತಿ ಹೆಸರಿನ ಕೆಳಗೆ ಅದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎಂಬ ವಿವರಣೆ. ಅದನ್ನು ಓದಿ ಏಜೆಂಟು ಇಂಥ ಕೆಲಸಕ್ಕೆ ಇಂಥ ಉಪಕರಣ ಎಂದು ಆರಿಸಿಕೊಳ್ಳುತ್ತದೆ. ವಿವರಣೆಯಲ್ಲಿ ಇಲ್ಲದ್ದು ಅದಕ್ಕೆ ಲೋಕದಲ್ಲೇ ಇಲ್ಲ. ಆ ವಿವರಣೆಗಳನ್ನು ಬರೆಯುವುದು ನನ್ನ ಕೆಲಸ.

ಕಾಲೇಜಿನಲ್ಲಿ ಕನ್ನಡ ಎಂ.ಎ. ಮಾಡಿದವಳಿಗೆ ಇದೆಂಥ ಕೆಲಸ ಎಂದು ಕೇಳಿದವರಿದ್ದಾರೆ. ನನಗೆ ಮಾತ್ರ ನನ್ನ ಸ್ವಭಾವಕ್ಕಾಗಿಯೇ ಹುಟ್ಟಿದ ಕೆಲಸ ಇದು ಅನ್ನಿಸಿತ್ತು. ಗ್ಯಾಸಿನ ನಾಬ್ ತಿರುಗಿಸಿ ಆರಿಸಿದೆನೇ ಎಂದು ಮೂರು ಸಲ ನೋಡಿ, ಬೀದಿಗಿಳಿದ ಮೇಲೆ ನಾಲ್ಕನೇ ಸಲ ನೋಡಲು ವಾಪಸು ಬರುವವಳು ನಾನು. ಯಾವ ಪದ ಎಲ್ಲಿ ಜಾರಬಹುದು ಎಂದು ಯೋಚಿಸುವುದಕ್ಕೆ ಇಲ್ಲಿ ಸಂಬಳ ಕೊಡುತ್ತಿದ್ದರು. ಮೊದಮೊದಲು ನನ್ನದೂ ಜಾರಿತ್ತು. 'ಚಿತ್ರ ಕೂರಿಸು' ಎಂಬ ಉಪಕರಣಕ್ಕೆ, ಚಿತ್ರವನ್ನು ಚೌಕಟ್ಟಿನ ತುಂಬ ಹೊಂದಿಸುತ್ತದೆ ಎಂದಷ್ಟೇ ಬರೆದಿದ್ದೆ. ಪುರಸಭೆ ಅಧ್ಯಕ್ಷರ ಮುಖ ಹಲಗೆಯ ಹಾಗೆ ಅಗಲವಾಗಿ ಅಚ್ಚಾಯಿತು. ಅವರು ಪತ್ರಿಕೆ ಹಿಡಿದುಕೊಂಡೇ ಬಂದು, "ಏನ್ರೀ, ನಾನ್ ಹಿಂಗಿದೀನಾ?" ಎಂದು ಕೇಳಿದರು. ಶಿವನಂಜಪ್ಪನವರು ಚಿತ್ರವನ್ನೊಮ್ಮೆ, ಅವರನ್ನೊಮ್ಮೆ ನೋಡಿ, "ಇಷ್ಟಿಲ್ಲ ಬಿಡಿ" ಎಂದರು. ಆವತ್ತೇ ನಾನು ವಿವರಣೆಗೆ ಒಂದು ಸಾಲು ಸೇರಿಸಿದೆ: ಚಿತ್ರದ ಉದ್ದ ಅಗಲಗಳ ಪ್ರಮಾಣವನ್ನು ಯಾವ ಕಾರಣಕ್ಕೂ ಬದಲಿಸಬಾರದು.

ಮನೆಯಲ್ಲಿ ನಾನು, ನನ್ನ ತಂಗಿ ಕುಮುದ, ಇಬ್ಬರೇ. ಕುಮುದ ಊರ ಸುತ್ತುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ನಾನು ಎಷ್ಟು ಮೆತ್ತಗೋ ಅವಳು ಅಷ್ಟು ಜೋರು. ಬಸ್ ನಿಲ್ದಾಣದಿಂದ ನಮ್ಮ ಬೀದಿಯ ಕೊನೆಯ ಕಲ್ಲುಬಾವಿ ತಿರುವಿನ ತನಕ ಹದಿನಾಲ್ಕು ಸ್ಟಾಪು. ಅವನ್ನು ಒಂದೇ ಉಸಿರಿಗೆ ಕೂಗುತ್ತಿದ್ದಳು. ನಿದ್ದೆ ಹೋದವರನ್ನು ಭುಜ ತಟ್ಟಿ ಎಬ್ಬಿಸಿ ಇಳಿಸುತ್ತಿದ್ದಳು. "ಇಷ್ಟ್ ವರ್ಷದಲ್ಲಿ ನನ್ ಬಸ್ಸಲ್ಲಿ ಒಬ್ರೇ ಒಬ್ರು ಸ್ಟಾಪ್ ದಾಟಿ ಹೋಗಿಲ್ಲ ಕಣೇ ಅಕ್ಕಾ" ಎನ್ನುವುದು ಅವಳ ದೊಡ್ಡ ಜಂಬ. ಮೂರು ದಿನದ ಜ್ವರದಲ್ಲಿ ಹೋದಳು. ಮೂವತ್ತನಾಲ್ಕು ವಯಸ್ಸು. ಹೋದಳು ಎಂದೆನಲ್ಲ, ನಿಜಕ್ಕೆ ಖಾಕಿ ಅಂಗಿಯಲ್ಲೇ ಎದ್ದು ಬಂದು ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಳು.

ಎರಡನೇ ಗುರುವಾರ ಬಂತು, ಹೋಯಿತು. ನಾನು ಪ್ರಕಟಣೆ ಕೊಡಲಿಲ್ಲ. ಮೊದಲೆರಡು ಸಾಲು ಬರೆದಿದ್ದೆ, ಮೂರನೆಯದು ಹೊಳೆಯಲಿಲ್ಲ. ಕೇಳಿದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ. ಸರಿಯಾದ ಮಾತು ಸಿಗುತ್ತಿಲ್ಲ, ಸಿಕ್ಕಿದ ಕೂಡಲೇ ಕೊಡುತ್ತೇನೆ. ಮಾತಿನ ವಿಷಯದಲ್ಲಿ ನಾನು ಎಷ್ಟು ಕಟ್ಟುನಿಟ್ಟು ಎಂದು ತಿಳಿದವರು ನಂಬುತ್ತಿದ್ದರು. ಸಂಜೆ ನಾನು ಬೀಗ ತೆಗೆಯುವ ಸದ್ದಿಗೆ ಒಳಗಿಂದ "ಬಂದ್ಯಾ ಅಕ್ಕಾ" ಎಂಬ ದನಿ ಬರಬೇಕಿತ್ತು, ಅಷ್ಟೇ ನಿಜ.

ಅವಳು ಸವೆಯುತ್ತಿರುವುದು ನನಗೆ ಲೆಕ್ಕ ಸಮೇತ ಗೊತ್ತಾಗುತ್ತಿತ್ತು. ದಿನಾ ಸಂಜೆ ಹೊತ್ತು ಕಳೆಯಲು ಸ್ಟಾಪುಗಳನ್ನು ಹೇಳುವುದು ಅವಳ ಅಭ್ಯಾಸ. ಮೊದಲ ಗುರುವಾರ ಕಳೆದ ಸಂಜೆ ಬಸ್ ನಿಲ್ದಾಣ ಬಿಟ್ಟುಹೋಯಿತು. "ಪೇಟೆ ಬಾಗ್ಲು, ಎಣ್ಣೆಗಾಣ, ಕುಂಟು ಸೇತುವೆ..." ಎಂದು ಅಲ್ಲಿಂದಲೇ ಶುರು ಮಾಡಿದಳು. ಮುಂದಿನ ವಾರ ಪೇಟೆ ಬಾಗಿಲು. ಪ್ರತಿ ಗುರುವಾರ ಒಂದೊಂದು ಕಳಚುತ್ತ ಬಂತು. ನಾನು ನೆನಪಿಸಿ ಕೊಟ್ಟರೆ, "ಹೌದಾ? ಅಲ್ಲಿ ನಮ್ ಬಸ್ ನಿಲ್ತಿತ್ತಾ?" ಎಂದು ಸಭ್ಯವಾಗಿ ಕೇಳುತ್ತಿದ್ದಳು. ಆ ಸಭ್ಯತೆ ಅವಳದಲ್ಲ.

ತಪ್ಪಾದದ್ದು ಹತ್ತನೇ ಗುರುವಾರ ಕಳೆದು ಹನ್ನೊಂದನೆಯದರ ಹಿಂದಿನ ದಿನ. ಬುಧವಾರ ಮಧ್ಯಾಹ್ನ ಪುಟಗಳು ಮುಗಿಯುತ್ತವೆ. ಆವತ್ತು ನಾನು ನಾಲ್ಕಕ್ಕೇ ಹೊರಟೆ. ಮರುದಿನ ಇನ್ನೊಂದು ಸ್ಟಾಪು ಹೋಗುವುದಕ್ಕೆ ಮುಂಚೆ ಅವಳ ಬಾಯಿಂದ ಉಳಿದ ನಾಲ್ಕನ್ನೂ ಒಮ್ಮೆ ಕೇಳಿಬಿಡಬೇಕು ಅನ್ನಿಸಿತ್ತು. ನಾನು ಹೋದ ಮೇಲೆ ಯಾರೋ ಒಂದು ಜಾಹೀರಾತು ಹಿಂದೆಗೆದುಕೊಂಡರು. ನಾಲ್ಕನೇ ಪುಟದಲ್ಲಿ ಒಂದು ಕಾಲಂ ಅಗಲ, ಏಳು ಸೆಂಟಿಮೀಟರ್ ಎತ್ತರದ ಜಾಗ ಖಾಲಿ ಬಿತ್ತು. ಏಜೆಂಟು ತನ್ನ ಪಟ್ಟಿ ಓದಿಕೊಂಡಿತು. ಅಲ್ಲಿ ನಾನು ಬರೆದದ್ದಿತ್ತು: 'ಖಾಲಿ ತುಂಬು — ಪುಟದಲ್ಲಿ ಖಾಲಿ ಉಳಿದ ಜಾಗಕ್ಕೆ, ಕಾದಿರುವ ಮ್ಯಾಟರಿನ ತಟ್ಟೆಯಿಂದ ಅಳತೆಗೆ ಸರಿಯಾಗಿ ಹೊಂದುವುದನ್ನು ತಂದು ಇಡುತ್ತದೆ.' ತಟ್ಟೆ ಎಂದರೆ ಕಂಪ್ಯೂಟರಿನಲ್ಲಿ ಮುಂದೆ ಬಳಸಲು ಕೂಡಿಟ್ಟ ಮ್ಯಾಟರು. ಅದರಲ್ಲಿ ತಾಮ್ರದ ಪಾತ್ರೆ ಬೆಳಗುವುದು ಹೇಗೆ, ಕೆಮ್ಮಿಗೆ ಹಿಪ್ಪಲಿ ಎಂಬಂಥ ತುಣುಕುಗಳಿದ್ದವು. ಮರುದಿನಕ್ಕಲ್ಲ, ಅದರ ಮುಂದಿನ ಗುರುವಾರಕ್ಕೆಂದು ಬಂದಿದ್ದ ಒಂದು ನಿಧನದ ಪ್ರಕಟಣೆಯೂ ಇತ್ತು. ಯಾವ ಗುರುವಾರಕ್ಕೆ ಎಂಬುದನ್ನು ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆವು. ಏಜೆಂಟಿಗೆ ಗೋಡೆ ಇಲ್ಲ. ಪ್ರಕಟಣೆ ಚಿತ್ರ ಸಮೇತ ಸರಿಯಾಗಿ ಏಳು ಸೆಂಟಿಮೀಟರ್ ಇತ್ತು. ಅದಕ್ಕಿಂತ ಹೊಂದುವುದು ಇನ್ನೇನಿದೆ? ಶಿವನಂಜಪ್ಪನವರು ಕೊನೆಯದಾಗಿ ಕಣ್ಣಾಡಿಸಿದಾಗ ಪುಟದಲ್ಲಿ ಎಲ್ಲೂ ತೂತಿರಲಿಲ್ಲ. ಸರಿ ಎಂದರು.

ಗುರುವಾರ ಬೆಳಿಗ್ಗೆ ನಾನು ಕಚೇರಿಗೆ ಹೋದಾಗ ಟೈಲರ್ ದೊಡ್ಡಸ್ವಾಮಿ ಬಾಗಿಲ ಮುಂದೆ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಕುತ್ತಿಗೆಗೆ ಅಳತೆಯ ಟೇಪು. ಕೈಯಲ್ಲಿ ಒಂದು ಬಿಳಿ ಅಂಗಿ. ಅದರ ಎದೆಪಟ್ಟಿಯಿಂದ ದಾರ ಸಮೇತ ಸೂಜಿಯೊಂದು ತೂಗಾಡುತ್ತಿತ್ತು. ಅವರ ಹೆಂಡತಿ ನೀಲಮ್ಮ ಹೋದ ವಾರ ತೀರಿಕೊಂಡಿದ್ದರು.

"ಎಂಟ್ ದಿನ ಇತ್ತಲ್ಲ ತಾಯಿ" ಎಂದರು. ಕೂಗಾಡಲಿಲ್ಲ. "ಮುಂದಿನ್ ಗುರುವಾರ ಅಂತ ನಾನೇ ಬಂದು ಹೇಳಿದ್ನಲ್ಲ. ನೀನೇ ಬರ್ಕಂಡೆ."

"ಹೌದು" ಎಂದೆ.

"ಕಾಜ ಹಾಕೋದು ಅವ್ಳ ಕೆಲ್ಸ ಕಣಮ್ಮ. ಮೂವತ್ತು ವರ್ಷ ನಾನು ಕತ್ತರಿಸ್ದೆ, ಹೊಲ್ದೆ, ಗುಂಡಿ ತೂತಿಗೆ ಒಂದ್ ದಿನಾನೂ ಕೈ ಹಾಕ್ಲಿಲ್ಲ. ಈ ವಾರ ಕೂತ್ಕಂಡು ಹೇಳ್ಕೊಡ್ತಿದ್ಲು. ದಾರ ಇಷ್ಟ್ ಬಿಗಿ ಬೇಡ, ಬಟ್ಟೆ ಅಳುತ್ತೆ ಅಂತ ಬೈಯ್ತಿದ್ಲು." ಅಂಗಿಯನ್ನು ನನ್ನ ಕಡೆ ಚಾಚಿದರು. ಆರು ಕಾಜದಲ್ಲಿ ಎರಡು ಮುಗಿದಿದ್ದವು, ಮೂರನೆಯದು ಅರ್ಧ. "ನಿನ್ನೆ ಸಾಯಂಕಾಲ ಧೈರ್ಯ ಮಾಡಿ ಕೇಳ್ದೆ. ನಿನ್ ಮನಸ್ಸಲ್ಲಿ ನನ್ ಮೇಲೆ ಏನಾರ ಬೇಜಾರಿದ್ಯೇನೆ ಅಂತ. ನಕ್ಕಂಡು, ಈಗ ಕಾಜ ನೋಡ್ರಿ, ಅದ್ನ ಆಮೇಲೆ ಹೇಳ್ತೀನಿ, ಇನ್ನೂ ಒಂದ್ ವಾರ ಇದೀನಲ್ಲ ಅಂದ್ಲು. ಬೆಳಿಗ್ಗೆ ನಾನು ಹಿತ್ತಲಲ್ಲಿ ಮುಖ ತೊಳ್ಕಂಡು ಒಳಗ್ ಬಂದ್ರೆ ಕುರ್ಚಿ ಖಾಲಿ. ಚಪ್ಲಿ ಹೊಸ್ಲ ಹತ್ರ."

ಶಿವನಂಜಪ್ಪನವರು ಒಳಗಿನಿಂದ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಸ್ವಾಮಿ, ಯಂತ್ರದ ತಪ್ಪು..." ಎಂದು ಶುರು ಮಾಡಿದರು.

"ಯಂತ್ರಕ್ಕೆ ಹೇಳ್ದೋರು ಯಾರು?" ಎಂದರು ದೊಡ್ಡಸ್ವಾಮಿ. ಸಿಟ್ಟಿನ ದನಿಯಲ್ಲ, ದಾರಿ ಕೇಳುವವರ ದನಿ.

"ನಾನು" ಎಂದೆ.

ಅವರು ತಲೆಯಾಡಿಸಿ, ಅಂಗಿಯನ್ನು ಮಡಚಿ, ಸೂಜಿ ಚುಚ್ಚದ ಹಾಗೆ ಒಳಕ್ಕೆ ಸಿಕ್ಕಿಸಿ ಹೋದರು.

ಆ ದಿನವೆಲ್ಲ ನಾನು ಪಟ್ಟಿಯ ಮುಂದೆ ಕೂತೆ. ಶಿವನಂಜಪ್ಪನವರು ಎರಡು ಸಲ ಬಂದು ಹಿಂದೆ ನಿಂತು ಹೋದರು. ಮೂರನೇ ಸಲ ಹೇಳಿದರು: "ನಾವ್ ಕೈಯಲ್ಲಿ ಪುಟ ಕಟ್ತಿದ್ವಲ್ಲಮ್ಮ, ಆಗ್ಲೂ ಜಾಹೀರಾತು ಕೈಕೊಡೋದು, ಆಗ್ಲೂ ತೂತ್ ಬೀಳೋದು. ಪಕ್ಕದಲ್ಲೇ ಪ್ರಕಟಣೆ ಬಿದ್ದಿರೋದು. ಅದನ್ನ ಎತ್ತಿ ಇಡ್ಬೇಡ ಅಂತ ನಂಗ್ಯಾರೂ ಹೇಳಿರ್ಲಿಲ್ಲ. ಹೇಳೋ ಮಾತೇ ಅಲ್ಲ ಅದು." ಆಮೇಲೆ ಮೆಲ್ಲಗೆ, "ನಿಂಗೂ ಅದಕ್ಕೇ ಹೊಳೀಲಿಲ್ಲ ಅಂತ ಕಾಣುತ್ತೆ" ಎಂದರು.

ಅವರು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ಊರಿಗೆಲ್ಲ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ. ಏಜೆಂಟಿಗೆ ಬೇಕಾಗಿದ್ದದ್ದು ಹಾಗೆ ಬರೆಯದೆ ಬಿಟ್ಟದ್ದೊಂದೇ. ಹಾಗೆಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಆದರೆ ನನ್ನ ಮೇಜಿನ ಡ್ರಾಯರಿನಲ್ಲಿ ಕುಮುದಳ ಪ್ರಕಟಣೆ ಇತ್ತು. ಎರಡು ಸಾಲು ಬರೆದ ದಿನವೇ ಅದನ್ನು ತಟ್ಟೆಗೆ ಹಾಕಬೇಕಾಗಿತ್ತು; ಕಚೇರಿಯ ಕ್ರಮ ಅದು. ನಾನು ಹಾಕಿರಲಿಲ್ಲ. ಕಾಗದದ ಮೇಲೆ ಬರೆದು, ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಯಾಕೆ? ಹತ್ತು ವಾರದಿಂದ ದಿನಾ ಆ ಬೀಗ ಎಳೆದು ನೋಡುತ್ತಿದ್ದೆ, ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡರೆ ಉತ್ತರ ಎದುರಿಗೇ ಇತ್ತು. ತಟ್ಟೆಯಲ್ಲಿದ್ದರೆ ಯಾವಾಗಲಾದರೂ ಏನಾದರೂ ಆಗಿ ಅದು ಪುಟಕ್ಕೆ ಹೋಗಿಬಿಟ್ಟರೆ ಎಂಬ ಭಯ. ಆ ಭಯವನ್ನು ನಾನು ಒಂದು ಸಾಲು ವಿವರಣೆಯಾಗಿ ಬರೆಯಬಹುದಿತ್ತು. ನನ್ನ ತಂಗಿಯನ್ನು ಮಾತ್ರ ಬೀಗದೊಳಗಿಟ್ಟು, ಊರಿನವರ ಸತ್ತವರನ್ನು ತಟ್ಟೆಯಲ್ಲಿ ಬಿಟ್ಟಿದ್ದೆ.

ಸಂಜೆಯೊಳಗೆ ಬರೆದು ಮುಗಿಸಿದೆ. 'ಖಾಲಿ ತುಂಬು — ಖಾಲಿ ಉಳಿದ ಜಾಗಕ್ಕೆ ಅಡುಗೆ, ಆರೋಗ್ಯ, ಮನೆಕೆಲಸದ ತುಣುಕುಗಳನ್ನು ಮಾತ್ರ ತಂದು ಇಡುತ್ತದೆ. ನಿಧನದ ಪ್ರಕಟಣೆಯನ್ನು ಇದರಿಂದ ಮುಟ್ಟಬಾರದು; ಅಳತೆಗೆ ಎಷ್ಟೇ ಸರಿಯಾಗಿ ಹೊಂದಿದರೂ ಮುಟ್ಟಬಾರದು. ಹೊಂದುವ ತುಣುಕು ಸಿಗದಿದ್ದರೆ ಜಾಗವನ್ನು ಖಾಲಿಯೇ ಬಿಡಬೇಕು. ಪುಟದಲ್ಲಿ ಖಾಲಿ ಜಾಗ ಇರುವುದು ತಪ್ಪಲ್ಲ.' ಅದರ ಕೆಳಗೆ ಮೂವತ್ತೆರಡನೆಯ ಉಪಕರಣವೊಂದನ್ನು ಸೇರಿಸಿದೆ. 'ಪ್ರಕಟಣೆ ಇಡು — ಇಡುವ ಮೊದಲು ಪ್ರತಿ ಬುಧವಾರ ಮನೆಯವರನ್ನು ಕೇಳಬೇಕು. ಹೌದು ಎಂದು ಅವರೇ ಬರೆದು ಕಳಿಸಿದರೆ ಮಾತ್ರ ಇಡಬೇಕು. ಉತ್ತರ ಬರದಿದ್ದರೆ ಇಲ್ಲ ಎಂದೇ ತಿಳಿಯಬೇಕು. ಮುಂದಿನ ಬುಧವಾರ ಮತ್ತೆ ಕೇಳಬೇಕು. ಮೂರು ಸಾಲುಗಳಲ್ಲಿ ಯಾವುದನ್ನೂ ತಾನಾಗಿ ಬರೆದು ತುಂಬಬಾರದು.' ಆಮೇಲೆ ಡ್ರಾಯರಿನ ಬೀಗ ತೆಗೆದು, ಕುಮುದಳ ಎರಡು ಸಾಲನ್ನು ಟೈಪು ಮಾಡಿ, ಎಲ್ಲರದೂ ಇರುವ ತಟ್ಟೆಗೆ ಹಾಕಿದೆ. ಮನೆಯವರು ಎಂಬಲ್ಲಿ ನನ್ನ ಹೆಸರು ಬರೆದೆ: ವಸುಮತಿ, ಅಕ್ಕ.

ಶನಿವಾರ ಅಂಗಡಿಗೆ ಹೋಗಿ ದೊಡ್ಡಸ್ವಾಮಿಯವರಿಗೆ ಎಲ್ಲ ಹೇಳಿದೆ. ಡ್ರಾಯರಿನ ವಿಷಯವನ್ನೂ ಹೇಳಿದೆ. ಅವರು ಮೆಷಿನ್ನಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡು, ತುಳಿಯದೆ ಕೇಳಿದರು.

"ಅಂದ್ರೆ ನಿಂಗೆ ಗೊತ್ತಿತ್ತು."

"ಗೊತ್ತಿರಲಿಲ್ಲ. ಭಯ ಇತ್ತು, ಅಷ್ಟೇ."

"ಬೀಗ ಹಾಕೋವಷ್ಟು ಭಯ ಇತ್ತು ಅಂದ್ರೆ, ಗೊತ್ತಿತ್ತು ಅಂತ್ಲೇ ಕಣಮ್ಮ."

ಅವರು ಕತ್ತರಿಯನ್ನು ಎತ್ತಿ ಇನ್ನೊಂದು ಕಡೆ ಇಟ್ಟರು, ಮತ್ತೆ ಮೊದಲಿದ್ದ ಕಡೆಗೇ ಇಟ್ಟರು. ಆಮೇಲೆ, "ನಿನ್ ತಂಗಿ ಇನ್ನೂ ಮನೇಲೇ ಇದಾಳಾ?" ಎಂದು ಕೇಳಿದರು. ಇದ್ದಾಳೆ ಎಂದೆ. "ನಾಳೆ ಬರ್ಲಾ?"

ಭಾನುವಾರ ಬಂದರು. ಕುಮುದ ಅವರನ್ನು ಗುರುತು ಹಿಡಿದಳು. ಅವಳ ಖಾಕಿ ಬಟ್ಟೆಯನ್ನೆಲ್ಲ ಹೊಲಿದವರೇ ಅವರು. "ಬನ್ನಿ ಸ್ವಾಮಣ್ಣ, ಮುಂದೆ ಬನ್ನಿ, ಮುಂದೆ ಸೀಟು ಖಾಲಿ ಇದೆ" ಎಂದಳು. ವಾರಗಟ್ಟಲೆ ಆದ ಮೇಲೆ ಅವಳ ಹಳೆಯ ದನಿ ಕೇಳಿ ನಾನು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟೆ.

"ಕಂಡಕ್ಟ್ರಮ್ಮ, ನಿನ್ನಿಂದ ಒಂದ್ ಉಪ್ಕಾರ ಆಗ್ಬೇಕಲ್ಲ" ಎಂದರು ಅವರು, ಅವಳೆದುರು ಮಣೆಯ ಮೇಲೆ ಕೂತು. "ಅಲ್ಲಿ ಹೆಂಗಿದ್ಯೋ, ಏನೋ, ಯಾರಿಗ್ ಗೊತ್ತು. ನೀಲಮ್ಮ ಏನಾರ ಸಿಕ್ರೆ, ನಾನ್ ಕೇಳಿದ್ದಕ್ಕೆ ಉತ್ತರ ಬೇಡ ಅಂತ ಹೇಳು. ಬೇಜಾರಿದ್ರೆ ಇರ್ಲಿ, ಮೂವತ್ತು ವರ್ಷಕ್ಕೆ ಅಷ್ಟೂ ಇರಲ್ವಾ. ಕಾಜ ಕಲ್ತ್ಕಂಡ ಅಂತ ಹೇಳು, ಸಾಕು."

"ಬಾಯಲ್ಲಿ ಹೇಳಿದ್ರೆ ನಂಬ್ತಾರಾ ಅವ್ರು? ನಿಮ್ ಕೈ ಗೊತ್ತಿಲ್ವಾ ಅವ್ರಿಗೆ?"

ದೊಡ್ಡಸ್ವಾಮಿ ಮೊದಲ ಸಲ ನಕ್ಕರು. ಜೇಬಿನಿಂದ ಸೂಜಿ, ಖಾಕಿ ದಾರ ತೆಗೆದರು. ಕುಮುದಳ ಎಡತೋಳಿನ ಪಟ್ಟಿಯ ಗುಂಡಿತೂತು ಹರಿದು ಎಷ್ಟೋ ಕಾಲವಾಗಿತ್ತು. ಬದುಕಿದ್ದಾಗ ಹೊಲಿಸಲು ಅವಳಿಗೆ ಪುರುಸೊತ್ತಾಗಿರಲಿಲ್ಲ. ಅವರು ಅದನ್ನು ಹಿಡಿದುಕೊಂಡು, ಮೂಗಿನ ತುದಿಗೆ ಕನ್ನಡಕ ಜಾರಿಸಿ, ಹೊಲಿಯತೊಡಗಿದರು. ಒಂದೊಂದು ಗಂಟಿಗೂ ದಾರವನ್ನು ಎಳೆದು, ಸ್ವಲ್ಪ ಸಡಿಲಿಸಿ, ಮತ್ತೆ ಎಳೆದರು. ಅರ್ಧ ಗಂಟೆ ಹಿಡಿಯಿತು.

ಕುಮುದ ತೋಳೆತ್ತಿ ಬೆಳಕಿಗೆ ಹಿಡಿದು ನೋಡಿದಳು. "ಇದು ಕಾಜಾನೋ ಗಾಯಕ್ಕೆ ಹಾಕಿದ್ ಹೊಲಿಗೇನೋ ಸ್ವಾಮಣ್ಣ?"

"ಅವ್ಳೂ ಅದ್ನೇ ಅಂತಾಳೆ ನೋಡು" ಎಂದು ಅವರು ಕಣ್ಣೊರೆಸಿಕೊಂಡರು.

ಅವರು ಹೊರಟಾಗ ನಾನು ಬೀದಿ ತನಕ ಹೋದೆ. ಯಾವಾಗ ಕಳಿಸುತ್ತೀಯ ಎಂದು ಅವರು ಕೇಳಲಿಲ್ಲ. ಕೇಳದೆ ಇರುವುದಕ್ಕೆ ಅವರು ಎಷ್ಟು ಕಷ್ಟಪಡುತ್ತಿದ್ದಾರೆ ಎಂಬುದು ಟೇಪನ್ನು ಸುತ್ತಿ ಬಿಚ್ಚುವ ಅವರ ಬೆರಳುಗಳಲ್ಲಿ ಕಾಣುತ್ತಿತ್ತು.

ಕೇಳಿದ್ದು ಏಜೆಂಟು. ಬುಧವಾರ ಮಧ್ಯಾಹ್ನ ಪರದೆಯ ಮೇಲೆ ಬಂತು: 'ಕುಮುದ ಅವರ ಪ್ರಕಟಣೆ ಕಾದಿದೆ. ಮೂರನೇ ಸಾಲು ಖಾಲಿ ಇದೆ. ಮನೆಯವರಾದ ವಸುಮತಿ ಅವರು ಹೌದು ಎನ್ನುತ್ತಾರೆಯೇ?' ನಾನು ಬರೆದದ್ದನ್ನು ಅದು ನನಗೇ ಹಿಂದಿರುಗಿಸುತ್ತಿತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸಂಜೆಯ ತನಕ ಉತ್ತರ ಕೊಡದೆ ಕೂತೆ. ಅದು ಇಲ್ಲ ಎಂದು ತಿಳಿದುಕೊಂಡಿತು. ನಾಲ್ಕನೇ ಪುಟದ ಮೂಲೆಯಲ್ಲಿ ತಾಮ್ರದ ಪಾತ್ರೆಗೆ ಹುಣಸೆಹಣ್ಣು ಹಚ್ಚುವ ವಿಷಯ ಅಚ್ಚಾಯಿತು. ಆ ಗುರುವಾರ ಕುಮುದಳಿಗೆ ಎರಡೇ ಸ್ಟಾಪು ಉಳಿದವು. ಮುಂದಿನ ಬುಧವಾರ ಅದೇ ಪ್ರಶ್ನೆ, ಅದೇ ಮೌನ. ಹಿಪ್ಪಲಿ ಕಷಾಯ ಅಚ್ಚಾಯಿತು. ಈಗ ಉಳಿದದ್ದು ಕಲ್ಲುಬಾವಿ ತಿರುವು ಒಂದೇ.

ಆ ವಾರ ಸಂಜೆಗಳಲ್ಲಿ ಅವಳು ಅದೊಂದನ್ನೇ ಹೇಳಿ ಸುಮ್ಮನಾಗುತ್ತಿದ್ದಳು. ಮಂಗಳವಾರ ನಾನು ಹೂವು ಕಟ್ಟುತ್ತ ಕೂತಿದ್ದೆ. ಅವಳು ತೋಳಿನ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಅಕ್ಕಾ, ಇದ್ಯಾರು ಹೊಲ್ದಿದ್ದು?"

"ದೊಡ್ಡಸ್ವಾಮಿ. ಟೈಲರ್ ಸ್ವಾಮಣ್ಣ. ನೀಲಮ್ಮನಿಗೆ ಹೇಳ್ಬೇಕು ಅಂತ ನಿಂಗೆ ಹೇಳಿದ್ರಲ್ಲ."

"ಏನ್ ಹೇಳ್ಬೇಕು?"

ಹೇಳಿದೆ. ಅವಳು ಮನಸ್ಸಿಟ್ಟು ಕೇಳಿದಳು, ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಪಟ್ಟಿ ತಿರುಗಿಸಿ, "ಅಕ್ಕಾ, ಇದ್ಯಾರು..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಅವಳಿಗೆ ಏನೋ ತಿಳಿಯಿತು. ನಿದ್ದೆಯಿಂದ ಎದ್ದವರು ಬಸ್ಸಿನ ಕಿಟಕಿಯಾಚೆ ನೋಡುವ ಹಾಗೆ ಒಮ್ಮೆ ಹೊರಗೆ ನೋಡಿದಳು.

"ನನ್ ಸ್ಟಾಪ್ ದಾಟೋಯ್ತು, ಅಲ್ವಾ?"

ನಾನು ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟೆ.

"ನೀನಾದ್ರೂ ಹೇಳ್ಬಾರ್ದಾ ಅಕ್ಕಾ" ಎಂದಳು. ಬೈದದ್ದಲ್ಲ. ಪಕ್ಕದ ಸೀಟಿನವರನ್ನು ಕೇಳಿದ ಹಾಗಿತ್ತು.

ಬುಧವಾರ ಏಜೆಂಟು ಕೇಳುವುದಕ್ಕೆ ಮೊದಲೇ ಮೂರನೇ ಸಾಲು ಬರೆದಿಟ್ಟೆ. ಹದಿಮೂರು ವಾರ ಹುಡುಕಿದ ಮಾತು ಅವಳ ಬಾಯಲ್ಲೇ ಯಾವತ್ತಿನಿಂದಲೋ ಇತ್ತು. 'ಯಾರನ್ನೂ ಅವರ ಸ್ಟಾಪು ದಾಟಿಸಿ ಒಯ್ದವಳಲ್ಲ.' ಶಿವನಂಜಪ್ಪನವರು ಹಿಂದಿನಿಂದ ಓದಿ, ಕನ್ನಡಕ ತೆಗೆದು, ಹೋಗಿ ತಮ್ಮ ಜಾಗದಲ್ಲಿ ಕೂತರು. ಮೂರು ಗಂಟೆಗೆ ಪ್ರಶ್ನೆ ಬಂತು. ಎರಡಕ್ಷರದ ಉತ್ತರ. ಬೆರಳು ಕೀಲಿಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಕೂತೆನೋ ತಿಳಿಯದು. ಪ್ರಶ್ನೆ ಹಾಗೇ ಇತ್ತು. ಅದು ಅವಸರ ಮಾಡಲಿಲ್ಲ, ಮರೆಯಲೂ ಇಲ್ಲ. ಹೌದು ಎಂದು ಬರೆದೆ.

ಗುರುವಾರ ಬೆಳಕು ಹರಿಯುವಾಗ ಕುಮುದ ಎದ್ದಳು. ಚಪ್ಪಲಿಯನ್ನು ಹೊಸಿಲ ಬಳಿ ಜೋಡಿಸಿಟ್ಟಳು. ಬದುಕಿದ್ದಾಗ ಒಂದು ದಿನವೂ ಜೋಡಿಸಿದವಳಲ್ಲ. ನಾನು ಪಕ್ಕದಲ್ಲಿ ನಡೆದೆ. ಅಂಗಡಿಯ ಮುಂದೆ ದೊಡ್ಡಸ್ವಾಮಿ ನಿಂತಿದ್ದರು, ಕೈಯಲ್ಲಿ ಪತ್ರಿಕೆ. ಅವರು ಅವಳ ಮುಖ ನೋಡಲಿಲ್ಲ, ತೋಳನ್ನು ನೋಡಿದರು. ಹತ್ತಿರ ಬಂದು, ಕಾಜದ ಅಂಚಿನಲ್ಲಿ ಹೊರಗೆ ಇಣುಕುತ್ತಿದ್ದ ಒಂದು ಎಳೆಯನ್ನು ಹಲ್ಲಿನಿಂದ ಕಚ್ಚಿ ತೆಗೆದು, ಗುಂಡಿ ಹಾಕಿ, ಹಿಂದೆ ಸರಿದರು.

ಕಲ್ಲುಬಾವಿ ತಿರುವಿನಲ್ಲಿ ನಾನು ನಿಂತೆ. ಅವಳೂ ನಿಂತಳು. ಮುಂದೆ ಹೋಗಬೇಕಾದವಳು ಹೋಗದೆ, ನನ್ನ ಕಡೆ ತಿರುಗಿ ಏನನ್ನೋ ಕಾಯುತ್ತಿದ್ದಳು. ಹದಿನಾಲ್ಕನೆಯ ಹೆಸರೂ ಬೆಳಿಗ್ಗೆಯೇ ಕಳಚಿತ್ತು. ಅವಳ ಬಳಿ ಯಾವ ಸ್ಟಾಪೂ 'ರೈಟ್' ಎನ್ನುವ ಮಾತೂ ಉಳಿದಿರಲಿಲ್ಲ. ಆ ಮಾತು ಬೀಳದೆ ಯಾವ ಬಸ್ಸೂ ಹೊರಡುವುದಿಲ್ಲ ಎಂಬುದು ಮಾತ್ರ ಅವಳ ಮೈಗೆ ನೆನಪಿತ್ತು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ನಾನು ಬೀದಿಯಲ್ಲಿ ದನಿ ಎತ್ತಿದವಳಲ್ಲ.

"ರೈಟ್" ಎಂದೆ. ಅವಳಿಗೆ ಕೇಳಿಸಲಿಲ್ಲ.

"ರೈಟ್! ರೈಟ್!" ಎಂದು ಕೂಗಿದೆ.

ಕುಮುದ ಹೊರಟಳು.